ಮರುಭೂಮಿಯ ಊರಿಗೆ ಹೊಸ ನೀರು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯ ಈ ಅಂಕಣದಲ್ಲಿ ಅಮೆರಿಕದ ಅರಿಝೋನ ರಾಜ್ಯದ ಟೂಸಾನ್ ನಗರದ ನೀರು ಸರಬರಾಜಿನ ಬಗ್ಗೆ ಸ್ವಲ್ಪ ಬರೆದಿದ್ದೆ. ಸೊನೊರನ್ ಮರುಭೂಮಿಯ ನಡುವೆ ಇರುವ, ವರ್ಷಕ್ಕೆ 11–12 ಅಂಗುಲದಷ್ಟೇ ಮಳೆ ಕಾಣುವ ಆ ಊರು 1992ರವರೆಗೂ ಕೊಳವೆ ಬಾವಿಗಳನ್ನೇ ನಂಬಿ ಬೆಳೆದಿತ್ತು. ಆ ವರ್ಷ ಕೊಲೊರಾಡೊ ನದಿಯ ನೀರು ಕಾಲುವೆಯಲ್ಲಿ ಬಂದು ಮನೆಗಳ ನಲ್ಲಿ ಸೇರಿದಾಗ ಕೆಂಪು ನೀರು ಸುರಿಯಿತು, ಎರಡೇ ವರ್ಷಕ್ಕೆ ಅದನ್ನು ನಿಲ್ಲಿಸಿ, ಮುಂದೆ ಅದೇ ನೀರನ್ನು ನೆಲಕ್ಕೆ ಇಂಗಿಸಿ ಮೇಲೆತ್ತಿ ಕೊಡಬೇಕಾಯಿತು ಎಂದು ಬರೆದ ಒಂದು ವಾಕ್ಯ ಓದುಗರನ್ನು ಕೆಣಕಿದಂತಿದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದರ ಸುತ್ತಲೇ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನದಿಯ ನೀರನ್ನು ಶುದ್ಧೀಕರಣ ಘಟಕದಲ್ಲಿ ಶುದ್ಧ ಮಾಡಿಯೇ ಬಿಟ್ಟಿದ್ದರಲ್ಲವೇ? ಘಟಕದಿಂದ ಹೊರಟಾಗ ತಿಳಿಯಾಗಿದ್ದ ನೀರು ಮನೆ ತಲುಪುವಷ್ಟರಲ್ಲಿ ಕೆಂಪಾಗಲು ಹೇಗೆ ಸಾಧ್ಯ?
— ನಿವೃತ್ತ ಶಿಕ್ಷಕರು, ಬಳ್ಳಾರಿ

ಉತ್ತರ: ತಾವು ಕೇಳಿದ ಪ್ರಶ್ನೆಯನ್ನೇ ಟೂಸಾನಿನ ನಾಗರಿಕರು ಅಂದು ತಮ್ಮ ನಗರಸಭೆಗೆ ಕೇಳಿದರು, ಮತ್ತು ತೃಪ್ತಿಕರವಾದ ಉತ್ತರ ಬಹಳ ಕಾಲ ಸಿಗಲಿಲ್ಲ. ಘಟಕದಿಂದ ಹೊರಟ ನೀರು ಕುಡಿಯುವ ನೀರಿನ ಮಾನದಂಡಗಳಿಗೆ ಒಪ್ಪುವಂತೆಯೇ ಇತ್ತು. ತೊಂದರೆ ಹುಟ್ಟಿದ್ದು ಘಟಕಕ್ಕೂ ನಲ್ಲಿಗೂ ನಡುವಿನ ಪೈಪುಗಳಲ್ಲಿ.

ಊರಿನ ಹಳೆಯ ಬಡಾವಣೆಗಳಲ್ಲಿ ಒಳಪದರವಿಲ್ಲದ ಎರಕದ ಕಬ್ಬಿಣದ ಪೈಪುಗಳೂ ಮನೆಗಳೊಳಗೆ ಸತು ಲೇಪಿಸಿದ, ಅಂದರೆ ನಾವು ಜಿ.ಐ. ಎನ್ನುವ, ಪೈಪುಗಳೂ ಇದ್ದವು. ಅವುಗಳ ಒಳಮೈಯಲ್ಲಿ ಹಲವು ದಶಕಗಳಿಂದ ತುಕ್ಕು ಮತ್ತು ಲವಣಗಳ ಪದರ ಕಟ್ಟಿಕೊಂಡಿತ್ತು. ಇಂಥ ಪದರ ನೋಡಲು ಅಸಹ್ಯ, ಆದರೆ ಅದು ಹರಿಯುವ ನೀರಿನೊಂದಿಗೆ ಒಂದು ಬಗೆಯ ಹೊಂದಾಣಿಕೆ ಮಾಡಿಕೊಂಡು ಸುಮ್ಮನಿರುತ್ತದೆ. ನೀರಿನ ಗುಣ ಬದಲಾಗದಿದ್ದರೆ ಪದರವೂ ಅಲುಗಾಡುವುದಿಲ್ಲ. ಟೂಸಾನಿನ ಅಂತರ್ಜಲದಲ್ಲಿ ಕರಗಿದ ಲವಣಾಂಶ ಲೀಟರಿಗೆ ಸುಮಾರು 200ರಿಂದ 300 ಮಿಲಿಗ್ರಾಂ ಇತ್ತು. ಕೊಲೊರಾಡೊ ನೀರಿನಲ್ಲಿ ಅದು 650ರ ಆಸುಪಾಸು. ಕ್ಲೋರೈಡ್ ಮತ್ತು ಸಲ್ಫೇಟ್ ಹೆಚ್ಚು, ಸೋಂಕು ನಿವಾರಣೆಗೆ ಬಳಸಿದ ರಾಸಾಯನಿಕ ಬೇರೆ, ಆಮ್ಲ-ಕ್ಷಾರದ ಮಟ್ಟ ಬೇರೆ. ಇವುಗಳ ಜೊತೆಗೆ ಇನ್ನೊಂದು ಸಂಗತಿ ಸೇರಿತು. ಅಲ್ಲಿಯವರೆಗೆ ನೀರು ಊರಿನ ನಾನಾ ಕಡೆಯ ಬಾವಿಗಳಿಂದ ಹತ್ತಿರದ ಬೀದಿಗಳಿಗೆ ಹರಿಯುತ್ತಿತ್ತು. ಹೊಸ ವ್ಯವಸ್ಥೆಯಲ್ಲಿ ಪಶ್ಚಿಮದ ಒಂದೇ ಕಡೆಯಿಂದ ನುಗ್ಗಿ ಬಂದಾಗ ಎಷ್ಟೋ ಪೈಪುಗಳಲ್ಲಿ ಹರಿವಿನ ದಿಕ್ಕೇ ತಿರುಗಿತು. ರಾಸಾಯನಿಕವಾಗಿ ಸಡಿಲವಾದ ಪದರವನ್ನು ದಿಕ್ಕು ಬದಲಿಸಿದ ನೀರು ಕಿತ್ತು ತಂದು ನಲ್ಲಿಯಲ್ಲಿ ಸುರಿಯಿತು. ಕೆಂಪು ಬಣ್ಣ ನದಿಯ ಕೆಸರಿನದಲ್ಲ, ಊರಿನ ಸ್ವಂತ ಪೈಪುಗಳದು. ಪದರ ಕಳಚಿದಲ್ಲಿ ಸವೆದಿದ್ದ ಪೈಪುಗಳು ತೂತಾದವು, ಮನೆಗಳಲ್ಲಿ ನೀರು ಸೋರಿ ನಷ್ಟವಾಯಿತು, ನಗರಸಭೆ ಪರಿಹಾರ ಕೊಡಬೇಕಾಯಿತು.

ಇಂಥದ್ದನ್ನು ನಾನು ಚಿಕ್ಕ ಪ್ರಮಾಣದಲ್ಲಿ ಕಣ್ಣಾರೆ ಕಂಡಿದ್ದೇನೆ. ಸೇವೆಗೆ ಸೇರಿದ ಹೊಸತರಲ್ಲಿ, ಬಯಲುಸೀಮೆಯ ಒಂದು ಊರಿನಲ್ಲಿ ಕೆರೆಯ ನೀರಿನ ಹೊಸ ಲೈನನ್ನು ಕೊಳವೆ ಬಾವಿಯ ಹಳೆಯ ಲೈನಿಗೆ ಜೋಡಿಸಿದ ಮರುದಿನ, ಮಹಿಳೆಯೊಬ್ಬರು ಹಿತ್ತಾಳೆ ಬಿಂದಿಗೆಯನ್ನು ಕಚೇರಿಯ ಮೇಜಿನ ಮೇಲೆ ತಂದಿಟ್ಟು, "ಇದನ್ನ ನೀವು ಕುಡೀತೀರಾ, ಸ್ವಾಮಿ?" ಎಂದು ಕೇಳಿದರು. ಪ್ರಯೋಗಾಲಯದ ವರದಿ ನನ್ನ ಕೈಯಲ್ಲೇ ಇತ್ತು. ಅದರಲ್ಲಿ ಎಲ್ಲವೂ ಮಿತಿಯೊಳಗೇ ಇತ್ತು. ಆದರೆ ಆ ಮಾದರಿಯನ್ನು ತೆಗೆದದ್ದು ಟ್ಯಾಂಕಿನ ಬಳಿ, ಅವರ ಬೀದಿಯ ನಲ್ಲಿಯಲ್ಲಿ ಅಲ್ಲ.

2014ರಲ್ಲಿ ಮಿಶಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ ನಡೆದ ದುರಂತವೂ ಇದೇ ಜಾತಿಯದು: ಹಳೆಯ ಪೈಪಿಗೆ ಬೇರೆ ಮೂಲದ ನೀರನ್ನು ತುಕ್ಕುನಿರೋಧಕ ಸೇರಿಸದೆ ಬಿಟ್ಟರು. ಅಲ್ಲಿ ಪೈಪುಗಳಿಂದ ಬಿಟ್ಟುಕೊಂಡದ್ದು ಸೀಸವಾದ್ದರಿಂದ ಪರಿಣಾಮ ಭೀಕರವಾಯಿತು. ಟೂಸಾನಿನದು ಬಹುಮಟ್ಟಿಗೆ ಕಬ್ಬಿಣದ ತುಕ್ಕು ಎಂಬುದು ಆ ಊರಿನ ಅದೃಷ್ಟ.

ಪ್ರಶ್ನೆ: ಹಾಗಾದರೆ ಹಳೆಯ ಪೈಪುಗಳನ್ನು ಬದಲಿಸಿ ಅದೇ ನೀರನ್ನು ಕೊಡಬಹುದಿತ್ತು. ನೆಲಕ್ಕೆ ಇಂಗಿಸಿ ಮತ್ತೆ ಮೇಲೆತ್ತುವ ಸುತ್ತುಬಳಸಿನ ದಾರಿ ಏಕೆ?
— ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಪೈಪು ಬದಲಿಸುವ ಕೆಲಸವನ್ನೂ ಅವರು ಮಾಡಿದರು. ಆದರೆ ಆ ಹೊತ್ತಿಗೆ ಪ್ರಶ್ನೆ ಎಂಜಿನಿಯರರ ಕೈ ಮೀರಿತ್ತು. 1994ರಲ್ಲಿ ನದಿ ನೀರಿನ ನೇರ ಸರಬರಾಜು ನಿಂತಿತು. 1995ರ ನವೆಂಬರಿನಲ್ಲಿ ಮತದಾರರೇ ಒಂದು ಕಾನೂನನ್ನು ಮತಕ್ಕೆ ಹಾಕಿ ಗೆಲ್ಲಿಸಿದರು. ಅದರ ಸಾರಾಂಶ ಇಷ್ಟು: ಕೊಲೊರಾಡೊ ನೀರನ್ನು ಊರಿನ ಒಳ್ಳೆಯ ಅಂತರ್ಜಲದ ಗುಣಮಟ್ಟಕ್ಕೆ ತರದೆ ಐದು ವರ್ಷ ನೇರವಾಗಿ ನಲ್ಲಿಗೆ ಬಿಡಕೂಡದು. ನೀರಿನ ರಸಾಯನಶಾಸ್ತ್ರ ಚುನಾವಣೆಯ ವಿಷಯವಾದ ಅಪರೂಪದ ಉದಾಹರಣೆ ಇದು. ಮತದಾರರು ತಪ್ಪು ಮಾಡಿದರೆಂದು ಅಂದು ಅನೇಕ ತಜ್ಞರು ಬೇಸರಿಸಿದರು. ಹಿಂತಿರುಗಿ ನೋಡಿದರೆ ಮತದಾರರ ಹಟವೇ ಊರನ್ನು ಉಳಿಸಿತು ಎಂದು ನನಗೆ ಅನಿಸುತ್ತದೆ.

ಏಕೆಂದರೆ ಬೇರೆ ದಾರಿಯಿಲ್ಲದೆ ನಗರಸಭೆ ನೀರನ್ನು ಇಂಗಿಸಲು ಹೊರಟಿತು. ಊರಿನ ಪಶ್ಚಿಮಕ್ಕೆ, ಗುಡ್ಡಗಳ ಆಚೆ, ಆವ್ರಾ ಕಣಿವೆ ಎಂಬ ಬಯಲಿದೆ. 1970ರ ದಶಕದಲ್ಲಿ ಅಲ್ಲಿನ 20 ಸಾವಿರಕ್ಕೂ ಹೆಚ್ಚು ಎಕರೆ ಹೊಲಗಳನ್ನು ನಗರಸಭೆ ಕೊಂಡು, ನೀರಾವರಿಯನ್ನು ನಿಲ್ಲಿಸಿ, ಅಲ್ಲಿನ ಅಂತರ್ಜಲದ ಹಕ್ಕನ್ನು ತನ್ನದಾಗಿಸಿಕೊಂಡಿತ್ತು. ಪಾಳು ಬಿದ್ದಿದ್ದ ಆ ನೆಲದಲ್ಲಿ ಅಗಲವಾದ, ಆಳವಿಲ್ಲದ ಇಂಗು ಕೊಳಗಳನ್ನು ತೋಡಿದರು. ಕಾಲುವೆಯ ನೀರು ಕೊಳದಲ್ಲಿ ನಿಂತು, ಮರಳು ಮತ್ತು ಗರಸಿನ ನೂರಾರು ಅಡಿ ದಪ್ಪದ ಪದರದಲ್ಲಿ ಇಳಿದು, ಅಲ್ಲಿದ್ದ ಹಳೆಯ ಅಂತರ್ಜಲದೊಂದಿಗೆ ಬೆರೆಯುತ್ತದೆ. ಸುತ್ತಲಿನ ಬಾವಿಗಳಿಂದ ಮೇಲೆತ್ತುವುದು ಈ ಮಿಶ್ರಣವನ್ನು. ಮಣ್ಣು ಸೋಸುತ್ತದೆ, ಬೆರಕೆಯಿಂದ ಲವಣಾಂಶ ಒಮ್ಮೆಲೇ ಏರುವ ಬದಲು ವರ್ಷಗಳ ಮೇಲೆ ನಿಧಾನವಾಗಿ ಏರುತ್ತದೆ, ಪೈಪುಗಳ ಒಳಪದರಕ್ಕೂ ಹೊಂದಿಕೊಳ್ಳಲು ಕಾಲಾವಕಾಶ ಸಿಗುತ್ತದೆ. ಮರುಭೂಮಿಯಲ್ಲಿ ತೆರೆದ ಜಲಾಶಯವಿದ್ದರೆ ಬಿಸಿಲು ವರ್ಷಕ್ಕೆ ಆರಡಿ ನೀರನ್ನಾದರೂ ಹೀರಿಬಿಡುತ್ತದೆ. ನೆಲದೊಳಗೆ ಇಟ್ಟ ನೀರನ್ನು ಬಿಸಿಲು ಮುಟ್ಟುವುದಿಲ್ಲ.

ಈ ಬಾರಿ ನೀರನ್ನು ಬಿಡುವ ಮೊದಲು ಅವರು ಮಾಡಿದ ಒಂದು ಕೆಲಸ ನನಗೆ ಬಹಳ ಹಿಡಿಸಿತು. ಮಿಶ್ರಣದ ನೀರನ್ನು ಬಾಟಲಿಗಳಲ್ಲಿ ತುಂಬಿ ಜನರಿಗೆ ಕುಡಿಯಲು ಕೊಟ್ಟರು; ಒಪ್ಪಿಕೊಂಡ ಕೆಲವು ಬಡಾವಣೆಗಳಿಗೆ ಮಾತ್ರ ಮೊದಲು ಹರಿಸಿ, ಅಲ್ಲಿನವರ ಅಭಿಪ್ರಾಯ ಪಡೆದರು. 2001ರ ಮೇ ತಿಂಗಳಲ್ಲಿ ಊರಿಗೆಲ್ಲ ಬಿಟ್ಟಾಗ ಕೋಲಾಹಲವೇ ಆಗಲಿಲ್ಲ. 1992ರಲ್ಲಿ ಬಂದದ್ದೂ 2001ರಲ್ಲಿ ಬಂದದ್ದೂ ಒಂದೇ ನದಿಯ ನೀರು. ಒಂಬತ್ತು ವರ್ಷದ ಅಂತರದಲ್ಲಿ ಬದಲಾದದ್ದು ಅದು ಬಂದ ಬಗೆ ಮತ್ತು ಜನರನ್ನು ಕೇಳಿದ ಬಗೆ.

ಸುತ್ತುಬಳಸು ಎಂದಿರಿ, ಅದರಿಂದ ಇನ್ನೂ ಒಂದು ಲಾಭವಾಯಿತು. ಊರಿನ ನಡುವಿನ ಬಾವಿಗಳಲ್ಲಿ ಅಂತರ್ಜಲ 200 ಅಡಿಗೂ ಹೆಚ್ಚು ಕುಸಿದು, ಕೆಲವೆಡೆ ನೆಲವೇ ತಗ್ಗುತ್ತಿತ್ತು. ಆ ಬಾವಿಗಳಿಗೆ ಬಿಡುವು ಸಿಕ್ಕ ಮೇಲೆ ನೀರಿನ ಮಟ್ಟ ಮತ್ತೆ ಏರತೊಡಗಿತು.

ಪ್ರಶ್ನೆ: ನಮ್ಮ ಕೋಲಾರದ ಕೆರೆಗಳಿಗೆ ಕೆ.ಸಿ. ವ್ಯಾಲಿಯ ನೀರು ತುಂಬಿಸಿ ಅಂತರ್ಜಲ ಹೆಚ್ಚಿಸುತ್ತಿರುವುದೂ ಟೂಸಾನ್ ಮಾದರಿಯೇ ಅಲ್ಲವೇ?
— ರೈತರು, ಕೋಲಾರ ಜಿಲ್ಲೆ

ಉತ್ತರ: ಇಂಗಿಸುವ ತತ್ತ್ವ ಒಂದೇ, ಇಂಗಿಸುವ ನೀರು ಬೇರೆ. ಟೂಸಾನ್ ಕುಡಿಯುವುದಕ್ಕಾಗಿ ಇಂಗಿಸುವುದು ನದಿಯ ನೀರನ್ನು. ತಮ್ಮ ಕೆರೆಗಳಿಗೆ 2018ರಿಂದ ಬರುತ್ತಿರುವುದು ಬೆಂಗಳೂರಿನ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಸಂಸ್ಕರಿಸಿದ ನೀರು. ಬತ್ತಿದ ಕೊಳವೆ ಬಾವಿಗಳಲ್ಲಿ ನೀರು ಕಾಣಿಸಿಕೊಂಡದ್ದು ಸಣ್ಣ ಸಂಗತಿಯಲ್ಲ, ನಿಜ. ಆದರೆ ಕೆರೆಯ ಕೆಳಗಿನ ಬಾವಿಯ ನೀರನ್ನು ಕುಡಿಯಲು ಬಳಸುವವರಿದ್ದರೆ ಆ ಬಾವಿಯ ನೈಟ್ರೇಟ್, ಭಾರಲೋಹಗಳು ಮತ್ತು ಸೂಕ್ಷ್ಮಾಣುಗಳ ಪರೀಕ್ಷೆ ನಿಯತವಾಗಿ ನಡೆಯಬೇಕು, ಮತ್ತು ವರದಿ ಪಂಚಾಯಿತಿಯ ಗೋಡೆಯ ಮೇಲೆ ಇರಬೇಕು. ಟೂಸಾನಿನಲ್ಲೂ ಸಂಸ್ಕರಿಸಿದ ಕೊಳಚೆ ನೀರಿನ ಬಳಕೆ ಇದೆ. 1984ರಿಂದ ಅದಕ್ಕೆಂದೇ ಪ್ರತ್ಯೇಕ ಪೈಪು ಜಾಲ ಹಾಕಿ ಉದ್ಯಾನ, ಶಾಲೆಯ ಮೈದಾನ ಮತ್ತು ಗಾಲ್ಫ್ ಮೈದಾನಗಳಿಗೆ ಹರಿಸುತ್ತಾರೆ. 2019ರಿಂದ ಸ್ವಲ್ಪ ಭಾಗವನ್ನು ಊರಿನ ನಡುವೆ ಬತ್ತಿ ಹೋಗಿದ್ದ ಸಾಂತಾ ಕ್ರೂಝ್ ನದಿಯ ಪಾತ್ರಕ್ಕೆ ಬಿಡುತ್ತಿದ್ದಾರೆ.

ಪ್ರಶ್ನೆ: ಮರುಭೂಮಿಯ ಊರಿಗೆ ನದಿ ನೀರು ಕೊಡಬೇಕಾದರೆ ಯಾರದೋ ಪಾಲು ಕಿತ್ತುಕೊಂಡಿರಲೇಬೇಕು. ಅದು ಯಾರದು? ಎಷ್ಟು ಟಿಎಂಸಿ?
— ಓದುಗರು, ರಾಯಚೂರು

ಉತ್ತರ: ಕೃಷ್ಣೆಯ ಹಂಚಿಕೆಯ ಜಗಳವನ್ನು ನೋಡುತ್ತ ಬೆಳೆದವರು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಅಲ್ಲಿನವರು ಎಕರೆ-ಅಡಿಯಲ್ಲಿ, ಅಂದರೆ ಒಂದು ಎಕರೆ ನೆಲದ ಮೇಲೆ ಒಂದಡಿ ನಿಲ್ಲುವಷ್ಟು ನೀರಿನ ಲೆಕ್ಕದಲ್ಲಿ ಎಣಿಸುತ್ತಾರೆ. ಸುಮಾರು 23 ಸಾವಿರ ಎಕರೆ-ಅಡಿಗೆ ಒಂದು ಟಿಎಂಸಿ. 1922ರ ಒಪ್ಪಂದದಲ್ಲಿ ಕೊಲೊರಾಡೊ ನದಿಯ ಮೇಲಿನ ಮತ್ತು ಕೆಳಗಿನ ಕಣಿವೆಗಳಿಗೆ ತಲಾ 75 ಲಕ್ಷ ಎಕರೆ-ಅಡಿ, ಅಂದರೆ ತಲಾ 327 ಟಿಎಂಸಿಯಷ್ಟು ಬರೆದುಕೊಂಡರು. ಕೆಳಗಿನ ಕಣಿವೆಯ ಪಾಲಿನಲ್ಲಿ ಅರಿಝೋನಕ್ಕೆ 28 ಲಕ್ಷ ಎಕರೆ-ಅಡಿ, ಸುಮಾರು 122 ಟಿಎಂಸಿ. ಅದರೊಳಗೆ ಟೂಸಾನ್ ನಗರದ ಹಂಚಿಕೆ 6.3 ಟಿಎಂಸಿಯಷ್ಟಿದೆ. ಒಪ್ಪಂದವಾದದ್ದು ನದಿ ತುಂಬಿ ಹರಿದ ವರ್ಷಗಳ ಲೆಕ್ಕ ನೋಡಿ. ಆಮೇಲೆ ನದಿ ಅಷ್ಟು ಕೊಡಲಿಲ್ಲ. ಕಾಗದದ ಮೇಲಿನ ನೀರು ಪಾತ್ರದಲ್ಲಿ ಇಲ್ಲ ಎಂಬುದೇ ಇಂದಿನ ಜಗಳದ ಬೇರು.

ನೀರನ್ನು ತರುವ ಕಾಲುವೆಯ ಹೆಸರು ಸೆಂಟ್ರಲ್ ಅರಿಝೋನ ಪ್ರಾಜೆಕ್ಟ್. 1968ರಲ್ಲಿ ಅನುಮತಿ, 1973ರಲ್ಲಿ ಆರಂಭ, 1993ರಲ್ಲಿ ಮುಕ್ತಾಯ. ಉದ್ದ ಸುಮಾರು 540 ಕಿಲೋಮೀಟರು. ನೀರು ಏರುವ ಎತ್ತರ ಸುಮಾರು 2,900 ಅಡಿ, ಅಂದರೆ ಮೈಸೂರಿನಿಂದ ಚಾಮುಂಡಿ ಬೆಟ್ಟವನ್ನು ಮೂರು ಸಲ ಹತ್ತಿದ ಹಾಗೆ. ರಾಜ್ಯದಲ್ಲಿ ಅತಿ ಹೆಚ್ಚು ವಿದ್ಯುತ್ ಬಳಸುವುದು ಈ ಪಂಪುಗಳೇ. ಈ ಕಾಲುವೆಗೆ ಕೇಂದ್ರದ ಒಪ್ಪಿಗೆ ಪಡೆಯಲು ಅರಿಝೋನ ಅಂದು ಒಂದು ಷರತ್ತಿಗೆ ತಲೆಬಾಗಿತು: ನೀರು ಕಡಿಮೆಯಾದರೆ ಕ್ಯಾಲಿಫೋರ್ನಿಯದ ಪಾಲಿಗಿಂತ ಮೊದಲು ಈ ಕಾಲುವೆಯ ಪಾಲು ಕಡಿತವಾಗಬೇಕು. 53 ವರ್ಷಗಳ ಬಳಿಕ ಅದರ ಬೆಲೆ ತೆರಬೇಕಾಯಿತು. 2021ರ ಆಗಸ್ಟಿನಲ್ಲಿ ನದಿಯಲ್ಲಿ ಮೊತ್ತಮೊದಲ ಬಾರಿಗೆ ಅಧಿಕೃತ ಕೊರತೆ ಘೋಷಣೆಯಾಗಿ, 2022ಕ್ಕೆ ಅರಿಝೋನದ ಪಾಲಿನಲ್ಲಿ 5.12 ಲಕ್ಷ ಎಕರೆ-ಅಡಿ, ಸುಮಾರು 22 ಟಿಎಂಸಿ ಕಡಿತವಾಯಿತು.

ಯಾರ ಪಾಲು ಎಂದರೆ, ಮೊದಲ ಪೆಟ್ಟು ತಿಂದವರು ರೈತರು. ರಾಜಧಾನಿ ಫೀನಿಕ್ಸ್ ಮತ್ತು ಟೂಸಾನ್ ನಡುವಿನ ಪಿನಾಲ್ ಕೌಂಟಿಯ ಹತ್ತಿ ಮತ್ತು ಕುದುರೆ ಮಸಾಲೆ ಸೊಪ್ಪಿನ (ದನದ ಮೇವಿನ) ಹೊಲಗಳಿಗೆ ಕಾಲುವೆ ನೀರು ಬಹುತೇಕ ನಿಂತು, ಅವರು ಮತ್ತೆ ಕೊಳವೆ ಬಾವಿಗಳ ಕಡೆ ತಿರುಗಿದರು, ಕೆಲವರು ಹೊಲವನ್ನು ಬೀಳು ಬಿಟ್ಟರು. ನಗರಗಳ ನಲ್ಲಿ ಆ ವರ್ಷ ಒಣಗಲಿಲ್ಲ. ಎರಡನೆಯವರು ಆ ನೆಲದ ಮೂಲನಿವಾಸಿಗಳಾದ ತೊಹೊನೊ ಓಧಮ್ ಜನ. ಟೂಸಾನಿನ ದಕ್ಷಿಣಕ್ಕೆ ಸಾಂತಾ ಕ್ರೂಝ್ ದಂಡೆಯಲ್ಲಿ ತಲೆತಲಾಂತರದಿಂದ ಬೇಸಾಯ ಮಾಡಿದವರ ಬಾವಿಗಳನ್ನು ನಗರ, ಗಣಿ ಮತ್ತು ದೊಡ್ಡ ಹೊಲಗಳ ಪಂಪುಗಳು ಒಣಗಿಸಿದವು. ಅವರು 1975ರಲ್ಲಿ ದಾವೆ ಹೂಡಿದರು. 1982ರ ಕಾನೂನಿನ ಮೂಲಕ ಅವರಿಗೆ ಕಾಲುವೆಯ ನೀರಿನಲ್ಲಿ ಪಾಲು ಸಿಕ್ಕಿತು. ಗೆದ್ದದ್ದು ನಿಜ, ಆದರೆ ಕಳೆದುಕೊಂಡದ್ದು ಮನೆಯಂಗಳದ ನದಿ, ಪಡೆದದ್ದು ದೂರದ ಕಾಲುವೆ.

ಪ್ರಶ್ನೆ: ಫೀನಿಕ್ಸ್ ಹೊರವಲಯದಲ್ಲಿ ಮನೆ ಕೊಳ್ಳುವ ಯೋಚನೆಯಿದೆ. "ನೂರು ವರ್ಷದ ನೀರು ಖಾತರಿ" ಎಂದು ಕೆಲವರು ಹೇಳುತ್ತಾರೆ, "ಟ್ಯಾಂಕರ್ ನೀರು ಸಾಕಷ್ಟು ಸಿಗುತ್ತದೆ" ಎಂದು ಇನ್ನು ಕೆಲವರು. ಯಾವುದನ್ನು ನಂಬಬೇಕು?
— ಕನ್ನಡಿಗ ದಂಪತಿ, ಅರಿಝೋನ

ಉತ್ತರ: ಮೊದಲ ಮಾತನ್ನು ಕಾಗದ ನೋಡಿ ನಂಬಿ; ಎರಡನೆಯದನ್ನು ನಂಬಲೇಬೇಡಿ.

1980ರಲ್ಲಿ ಅರಿಝೋನ ಒಂದು ಅಂತರ್ಜಲ ಕಾನೂನು ಮಾಡಿತು. ಫೀನಿಕ್ಸ್, ಟೂಸಾನ್ ಮುಂತಾದ ಪ್ರದೇಶಗಳಲ್ಲಿ ಹೊಸ ಬಡಾವಣೆ ಕಟ್ಟುವವರು ಅಲ್ಲಿ ನೂರು ವರ್ಷ ನೀರು ಸಿಗುತ್ತದೆಂದು ರಾಜ್ಯದ ಜಲಸಂಪನ್ಮೂಲ ಇಲಾಖೆಗೆ ತೋರಿಸಬೇಕು. ಒಳ್ಳೆಯ ಕಾನೂನು. ಆದರೆ ಅದು ಅನ್ವಯಿಸುವುದು ಆರು ಅಥವಾ ಅದಕ್ಕಿಂತ ಹೆಚ್ಚು ನಿವೇಶನಗಳ ಬಡಾವಣೆಗೆ. ಜಮೀನನ್ನು ಐದೈದಾಗಿ ತುಂಡರಿಸಿ, ಆ ತುಂಡನ್ನು ಇನ್ನೊಬ್ಬರು ಕೊಂಡು ಮತ್ತೆ ಐದಾಗಿ ಹೋಳು ಮಾಡಿ ಮಾರಿದರೆ ಖಾತರಿಯ ಕಾಗದವೇ ಬೇಕಿಲ್ಲ. ನಮ್ಮಲ್ಲಿ ರೆವಿನ್ಯೂ ನಿವೇಶನ ಕೊಂಡು ಪಾಡು ಪಟ್ಟವರಿಗೆ ಈ ಜಾಣತನ ಹೊಸದೇನಲ್ಲ.

ಸ್ಕಾಟ್ಸ್‌ಡೇಲ್ ನಗರದ ಗಡಿಯಾಚೆ ಬೆಳೆದ ರಿಯೊ ವರ್ಡೆ ಫುಟ್‌ಹಿಲ್ಸ್ ಅಂಥ ಊರು. ಸುಮಾರು ಎರಡು ಸಾವಿರ ಮನೆ; ಹೆಚ್ಚಿನವರಿಗೆ ಸ್ವಂತ ಬಾವಿ ಇತ್ತು, ಸುಮಾರು ಐನೂರು ಮನೆಗಳು ಟ್ಯಾಂಕರ್ ನೀರನ್ನೇ ಅವಲಂಬಿಸಿದ್ದವು. ಆ ಟ್ಯಾಂಕರುಗಳು ತುಂಬಿಸಿಕೊಳ್ಳುತ್ತಿದ್ದುದು ಸ್ಕಾಟ್ಸ್‌ಡೇಲಿನ ನೀರು. ನದಿಯಲ್ಲಿ ಕೊರತೆ ಘೋಷಣೆಯಾದ ಮೇಲೆ, ನಮ್ಮ ನೀರು ನಮ್ಮ ನಾಗರಿಕರಿಗೆ ಎಂದ ಆ ನಗರ, ಬಹಳ ಮೊದಲೇ ಎಚ್ಚರಿಕೆ ಕೊಟ್ಟಿದ್ದು, 2023ರ ಜನವರಿ 1ರಂದು ಟ್ಯಾಂಕರುಗಳಿಗೆ ನಲ್ಲಿ ಮುಚ್ಚಿತು. ಟ್ಯಾಂಕರುಗಳು ಬಹಳ ದೂರದಿಂದ ನೀರು ತರಬೇಕಾಗಿ ಬೆಲೆ ಏರಿತು. ಲಕ್ಷಾಂತರ ಡಾಲರಿನ ಮನೆಗಳವರು ಮಳೆನೀರನ್ನು ಬಕೆಟ್ಟಿನಲ್ಲಿ ಹಿಡಿದು ಶೌಚಕ್ಕೆ ಬಳಸಿದರು. ಶಾಸನಸಭೆ ಮಧ್ಯೆ ಬಂದು ಕಾನೂನು ಮಾಡಿ, ಅಕ್ಟೋಬರಿನಲ್ಲಿ ತಾತ್ಕಾಲಿಕ ಸರಬರಾಜು ಮತ್ತೆ ಆರಂಭವಾಯಿತು. ಶಾಶ್ವತ ವ್ಯವಸ್ಥೆಯನ್ನು ಒಂದು ಖಾಸಗಿ ಕಂಪನಿಗೆ ವಹಿಸಲಾಯಿತು. ಒಂಬತ್ತು ತಿಂಗಳು ಅವರು ಅನುಭವಿಸಿದ್ದನ್ನು ತಾವು ಅನುಭವಿಸಬೇಕಾಗಿಲ್ಲ.

ಅದೇ 2023ರ ಜೂನ್ ತಿಂಗಳಲ್ಲಿ ರಾಜ್ಯಪಾಲರಾದ ಕೇಟಿ ಹಾಬ್ಸ್ ಅವರು ಫೀನಿಕ್ಸ್ ಪ್ರದೇಶದ ಅಂತರ್ಜಲದ ನೂರು ವರ್ಷದ ಲೆಕ್ಕವನ್ನು ಪ್ರಕಟಿಸಿದರು (ಅಲ್ಲಿ ರಾಜ್ಯಪಾಲರೆಂದರೆ ಚುನಾಯಿತ ಆಡಳಿತ ಮುಖ್ಯಸ್ಥರು, ನಮ್ಮ ಮುಖ್ಯಮಂತ್ರಿಯ ಹಾಗೆ). ಬೇಡಿಕೆಯ ನಾಲ್ಕು ಪ್ರತಿಶತದಷ್ಟು ನೀರು ಕಡಿಮೆ ಬೀಳುತ್ತದೆ ಎಂಬುದು ಆ ಲೆಕ್ಕ. ಅಲ್ಲಿಂದ ಮುಂದೆ ಅಂತರ್ಜಲವನ್ನಷ್ಟೇ ತೋರಿಸಿ ಹೊಸ ಖಾತರಿ ಪತ್ರ ಪಡೆಯುವುದನ್ನು ನಿಲ್ಲಿಸಲಾಯಿತು. ಹಿಂದೆಯೇ ಕೊಟ್ಟ ಖಾತರಿಗಳು ಉಳಿದಿವೆ. ನದಿ ನೀರಿನ ಪಾಲು ಇರುವ ನಗರಗಳೊಳಗೆ ಕಟ್ಟಡ ನಿಂತಿಲ್ಲ. ಆದ್ದರಿಂದ ಮುಂಗಡ ಕೊಡುವ ಮೊದಲು ಮೂರು ಸಂಗತಿ ಕೇಳಿ: ಮನೆ ನಗರಸಭೆಯ ಎಲ್ಲೆಯೊಳಗಿದೆಯೇ, ಬಡಾವಣೆಯ ಹೆಸರಿನಲ್ಲಿ ಖಾತರಿ ಪತ್ರವಿದೆಯೇ, ಆ ನೀರು ಬರುವುದು ನದಿಯಿಂದಲೋ ಬಾವಿಯಿಂದಲೋ. ಮಾರುವವರ ಮಾತನ್ನು ಉತ್ತರವೆಂದು ತೆಗೆದುಕೊಳ್ಳದೆ ಇಲಾಖೆಯ ದಾಖಲೆಯನ್ನೇ ನೋಡಿ.

ಪ್ರಶ್ನೆ: ಅಂತರ್ಜಲ ನದಿ ನೀರಿಗಿಂತ ಶುದ್ಧ ಎಂದು ಟೂಸಾನಿನವರು ನಂಬಿದ್ದು ಸರಿಯೇ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ಅರ್ಧ ಸರಿ. ಲವಣದ ವಿಷಯದಲ್ಲಿ ಅವರ ಬಾವಿ ನೀರು ಮೇಲು. ಆದರೆ ಊರಿನ ದಕ್ಷಿಣ ಭಾಗದ, ಹೆಚ್ಚಾಗಿ ಮೆಕ್ಸಿಕನ್ ಮೂಲದ ಕುಟುಂಬಗಳು ಬಾಳುವ ಬೀದಿಗಳ ಬಾವಿಗಳಲ್ಲಿ 1981ರಲ್ಲಿ ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಕ ಪತ್ತೆಯಾಯಿತು. ವಿಮಾನ ನಿಲ್ದಾಣದ ಸುತ್ತಲಿನ ಕೈಗಾರಿಕೆಗಳು ಲೋಹದ ಜಿಡ್ಡು ತೆಗೆಯಲು ಬಳಸಿ ನೆಲಕ್ಕೆ ಸುರಿದ ವಸ್ತು ಅದು. ಬಣ್ಣವಿಲ್ಲ, ಕೆಂಪು ನೀರಿನ ಹಾಗೆ ತಾನಾಗಿ ಕೂಗಿ ಹೇಳುವುದಿಲ್ಲ. 1983ರಲ್ಲಿ ಆ ಪ್ರದೇಶವನ್ನು ಕೇಂದ್ರ ಸರ್ಕಾರ ತುರ್ತು ಶುದ್ಧೀಕರಣದ ಪಟ್ಟಿಗೆ ಸೇರಿಸಿತು. 1994ರಲ್ಲಿ ಆ ನೀರನ್ನು ಮೇಲೆತ್ತಿ ಶುದ್ಧ ಮಾಡುವ ಘಟಕ ಶುರುವಾಯಿತು.

ಅಷ್ಟರಲ್ಲಿ ಮುಗಿಯಲಿಲ್ಲ. ವಿಮಾನ ನೆಲೆಗಳಲ್ಲಿ ಬೆಂಕಿ ನಂದಿಸಲು ಬಳಸುತ್ತಿದ್ದ ನೊರೆಯಿಂದ ಪಿಎಫ್ಎಎಸ್ ಎಂಬ, ಸುಲಭಕ್ಕೆ ಕೊಳೆಯದ ರಾಸಾಯನಿಕಗಳ ಗುಂಪೊಂದು ನೆಲಕ್ಕಿಳಿದಿತ್ತು. ಅವುಗಳ ಪ್ರಮಾಣ ಏರತೊಡಗಿದಾಗ 2021ರಲ್ಲಿ ನಗರವು ಆ ಘಟಕದ ನೀರನ್ನು ಕುಡಿಯುವ ಜಾಲಕ್ಕೆ ಬಿಡುವುದನ್ನೇ ನಿಲ್ಲಿಸಿತು. 2024ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಈ ಗುಂಪಿನ ಎರಡು ಮುಖ್ಯ ರಾಸಾಯನಿಕಗಳಿಗೆ ಲೀಟರಿಗೆ ತಲಾ 4 ನ್ಯಾನೋಗ್ರಾಂ ಮಿತಿ ಹಾಕಿತು. ಒಂದು ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು. ಇದರಲ್ಲಿ ವಿಪರ್ಯಾಸ ಗಮನಿಸಿ. ಜನ ಬೇಡವೆಂದ ನದಿ ನೀರು ನೆಲದೊಳಗೆ ಕೂಡಿಟ್ಟಿದ್ದರಿಂದಲೇ, ಜನ ನೆಚ್ಚಿದ ಬಾವಿಗಳನ್ನು ಮುಚ್ಚುವುದು ಸಾಧ್ಯವಾಯಿತು.

ಲವಣದ ಚಿಂತೆಯನ್ನು ಮಾತ್ರ ಅಲ್ಲಿ ಯಾರೂ ಪೂರ್ತಿಯಾಗಿ ಬಗೆಹರಿಸಿಲ್ಲ. ಲೀಟರಿಗೆ 650 ಮಿಲಿಗ್ರಾಂ ಎಂದರೆ, ಹಂಚಿಕೆಯ 6.3 ಟಿಎಂಸಿ ಪೂರ್ತಿ ಬಂದ ವರ್ಷ ನೀರಿನೊಡನೆ ಒಂದು ಲಕ್ಷ ಟನ್ನಿಗೂ ಹೆಚ್ಚು ಉಪ್ಪು ಆ ಕಣಿವೆಗೆ ಬಂದಂತಾಯಿತು. ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಅದನ್ನು ಸಮುದ್ರಕ್ಕೆ ಒಯ್ಯುವಷ್ಟು ಹರಿವಿರುವ ನದಿ ಅಲ್ಲಿಲ್ಲ.

ಪ್ರಶ್ನೆ: ಸಮುದ್ರದ ನೀರನ್ನೇ ಸಿಹಿ ಮಾಡಿ ತರಬಾರದೇ?
— ಓದುಗರು, ಕಾರವಾರ

ಉತ್ತರ: ಅರಿಝೋನಕ್ಕೆ ಕಡಲ ತೀರವಿಲ್ಲ. ಮೆಕ್ಸಿಕೊದ ತೀರದಲ್ಲಿ ಘಟಕ ಕಟ್ಟಿ ಪೈಪಿನಲ್ಲಿ ತರುವ ಪ್ರಸ್ತಾವವನ್ನು 2022ರ ಕೊನೆಯಲ್ಲಿ ಇಸ್ರೇಲಿನ ಕಂಪನಿಯೊಂದು ಮುಂದಿಟ್ಟಿತು. ಇನ್ನೊಂದು ದೇಶದ ಒಪ್ಪಿಗೆ ಬೇಕು, ಉಳಿದ ಕಡು ಉಪ್ಪುನೀರನ್ನು ಕಿರಿದಾದ ಕೊಲ್ಲಿಗೆ ಬಿಡಬೇಕು, ನೂರಾರು ಕಿಲೋಮೀಟರು ದೂರ, ಅದೂ ಏರಿನ ಮೇಲೆ ಪಂಪು ಮಾಡಬೇಕು. ಇದ್ದ ನೀರನ್ನು ಉಳಿಸುವುದಕ್ಕಿಂತ ಅದು ಎಷ್ಟೋ ಪಾಲು ದುಬಾರಿ.

ಪ್ರಶ್ನೆ: ಜನ ನೀರು ಉಳಿಸುವಂತೆ ಅಲ್ಲಿ ಮಾಡಿದ್ದು ದರ ಏರಿಸಿಯೋ, ತಿಳಿಹೇಳಿಯೋ?
— ನಗರಸಭೆ ಮಾಜಿ ಸದಸ್ಯರು, ತುಮಕೂರು

ಉತ್ತರ: ತಾವು ಚುನಾವಣೆ ಕಂಡವರು, ಆದ್ದರಿಂದ ಈ ಕಥೆ ತಮಗೆ ಬೇಗ ತಿಳಿಯುತ್ತದೆ. 1976ರಲ್ಲಿ ಟೂಸಾನ್ ನಗರಸಭೆ ದರವನ್ನು ಒಮ್ಮೆಲೇ ಬಹಳ ಏರಿಸಿತು. ಗುಡ್ಡದ ಮೇಲಿನ ಮನೆಗಳಿಗೆ ನೀರೆತ್ತುವ ಖರ್ಚನ್ನೂ ಸೇರಿಸಿತು. ಜೂನ್ ತಿಂಗಳ ಸುಡುಬಿಸಿಲಿನಲ್ಲಿ ಬಿಲ್ಲು ಕೈಗೆ ಬಂದಾಗ ಜನ ಕೆರಳಿದರು. 1977ರ ಜನವರಿಯಲ್ಲಿ ವಿಶೇಷ ಚುನಾವಣೆ ನಡೆಸಿ ದರ ಏರಿಸಿದ ಸದಸ್ಯರನ್ನು ಅವಧಿಗೆ ಮುನ್ನವೇ ಮನೆಗೆ ಕಳಿಸಿದರು. ಹೊಸ ಸದಸ್ಯರು ಲೆಕ್ಕಪುಸ್ತಕ ತೆರೆದು ನೋಡಿ, ಏರಿಸಿದ ದರದ ಬಹುಪಾಲನ್ನು ಹಾಗೆಯೇ ಉಳಿಸಿಕೊಂಡರು.

ಜೊತೆಗೆ ಅವರು ತಿಳಿಹೇಳುವುದನ್ನು ಕಲಿತರು. 1977ರ ಬೇಸಿಗೆಯಲ್ಲಿ ಒಂದು ಬಾತುಕೋಳಿಯ ಚಿತ್ರವನ್ನು ಮುಂದಿಟ್ಟುಕೊಂಡು ಪ್ರಚಾರ ಶುರುವಾಯಿತು. ಕೇಳಿಕೊಂಡದ್ದು ಎರಡೇ: ಸಂಜೆ 4ರಿಂದ 8ರವರೆಗೆ ತೋಟಕ್ಕೆ ನೀರು ಬಿಡಬೇಡಿ, ದಿನ ಬಿಟ್ಟು ದಿನಕ್ಕಿಂತ ಹೆಚ್ಚು ಬಿಡಬೇಡಿ. ಎಲ್ಲರೂ ಒಂದೇ ಹೊತ್ತಿನಲ್ಲಿ ನಲ್ಲಿ ತಿರುಗಿಸುವ ಆ ನಾಲ್ಕು ಗಂಟೆಗಾಗಿಯೇ ದೊಡ್ಡ ಪಂಪು, ದೊಡ್ಡ ಪೈಪು ಬೇಕಾಗುತ್ತಿತ್ತು. ಕ್ರಮೇಣ ಅಂಗಳದ ಹುಲ್ಲುಹಾಸು ಹೋಗಿ ಜಲ್ಲಿ, ಕಳ್ಳಿ ಮತ್ತು ಮೆಸ್ಕೀಟ್ ಮರಗಳು ಬಂದವು. ಮೆಸ್ಕೀಟ್ ಎಂದರೆ ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ಬಂಧು. ನಮಗೆ ಶಾಪವಾದದ್ದು ಅಲ್ಲಿ ಅಂಗಳದ ನೆರಳು. 2010ರಿಂದ ಹೊಸ ವಾಣಿಜ್ಯ ಕಟ್ಟಡಗಳು ಗಿಡಗಳಿಗೆ ಬೇಕಾದ ನೀರಿನಲ್ಲಿ ಅರ್ಧದಷ್ಟನ್ನು ಮಳೆನೀರಿನಿಂದಲೇ ಪೂರೈಸಿಕೊಳ್ಳಬೇಕು. ಜನಸಂಖ್ಯೆ ಬಹಳ ಬೆಳೆದರೂ ಊರಿನ ಒಟ್ಟು ಬಳಕೆ ಇಂದು 1980ರ ದಶಕದ ಮಟ್ಟದಲ್ಲೇ ಇದೆ. ದರ ಇಲ್ಲದೆ ಬಾತುಕೋಳಿ ಒಂದರಿಂದಲೇ ಇದು ಆಗುತ್ತಿರಲಿಲ್ಲ. ದರ ಒಂದರಿಂದಲೇ ಏನಾಗುತ್ತದೆ ಎಂಬುದನ್ನು 1977ರ ಜನವರಿ ತೋರಿಸಿತ್ತು.

ಪ್ರಶ್ನೆ: ಬೆಂಗಳೂರಿನಿಂದ ಮಗನ ಮನೆಗೆ, ಫೀನಿಕ್ಸ್ ಪಕ್ಕದ ಚಾಂಡ್ಲರಿಗೆ ಬಂದಿದ್ದೇನೆ. ಇಲ್ಲಿನ ನೀರು ಗಡಸೆಂದು ಮನೆಗೆಲ್ಲ ನೀರು ಮೆದು ಮಾಡುವ ಯಂತ್ರ ಹಾಕಿಸಿದ್ದಾರೆ. ಬೇಳೆ ಚೆನ್ನಾಗಿ ಬೇಯುತ್ತದೆ, ಆದರೆ ಕುಂಡದಲ್ಲಿ ನೆಟ್ಟ ತುಳಸಿಯೂ ಕರಿಬೇವೂ ಎಲೆ ಸುಟ್ಟುಕೊಳ್ಳುತ್ತಿವೆ. ಬಿಸಿಲಿನ ದೋಷವೇ, ನೀರಿನದೇ?
— ಗೃಹಿಣಿ

ಉತ್ತರ: ಎರಡೂ ಇರಬಹುದು, ಆದರೆ ಮೊದಲು ನೀರನ್ನು ಅನುಮಾನಿಸಿ. ಗಡಸುತನಕ್ಕೆ ಕಾರಣ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಯಂತ್ರವು ಅವುಗಳನ್ನು ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಟ್ಟುಕೊಡುತ್ತದೆ. ಆ ಯಂತ್ರಕ್ಕೆ ಆಗಾಗ ಉಪ್ಪಿನ ಮೂಟೆ ಸುರಿಯುವುದನ್ನು ತಾವು ನೋಡಿರಬಹುದು. ಕ್ಯಾಲ್ಸಿಯಂ ಇಲ್ಲವಾದ್ದರಿಂದ ಬೇಳೆ ಬೇಗ ಬೇಯುತ್ತದೆ. ಸೋಡಿಯಂ ಸೇರಿದ್ದರಿಂದ ಕುಂಡದ ಮಣ್ಣು ಗಟ್ಟಿಯಾಗಿ ಬೇರು ಬಳಲುತ್ತದೆ, ಎಲೆಯ ಅಂಚು ಸುಡುತ್ತದೆ.

ಮಗನನ್ನು ಕೇಳಿ, ಹಿತ್ತಲಿನ ಗೋಡೆಯ ಹೊರಗಿನ ನಲ್ಲಿಯನ್ನು ಸಾಮಾನ್ಯವಾಗಿ ಯಂತ್ರಕ್ಕೆ ಜೋಡಿಸಿರುವುದಿಲ್ಲ. ಗಿಡಗಳಿಗೆ ಆ ನೀರನ್ನೇ ಹಾಕಿ. ಬೇಸಿಗೆಯಲ್ಲಿ ಪೈಪಿನಲ್ಲಿ ನಿಂತ ನೀರು ಕೈ ಸುಡುವಷ್ಟು ಕಾದಿರುತ್ತದೆ, ಮೊದಲ ಒಂದು ಬಕೆಟ್ ಹಿಡಿದು ಆರಲು ಬಿಡಿ. ದಿನವೂ ಚಮಚೆಯಷ್ಟು ಹಾಕುವುದಕ್ಕಿಂತ ಎರಡು ಮೂರು ದಿನಕ್ಕೊಮ್ಮೆ ಕುಂಡದ ತಳದ ತೂತಿನಿಂದ ಹರಿಯುವ ತನಕ ಹಾಕಿದರೆ ಕೂಡಿದ ಉಪ್ಪು ತೊಳೆದುಹೋಗುತ್ತದೆ. ಜುಲೈಯಲ್ಲಿ ಮಳೆ ಶುರುವಾದಾಗ ಸೂರಿನ ನೀರನ್ನು ಎರಡು ಕೊಡ ಹಿಡಿದಿಟ್ಟುಕೊಳ್ಳಿ, ಗಿಡಗಳಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಕುಡಿಯಲು ಅಡುಗೆಮನೆಯ ಆರ್.ಓ. ನೀರು ಇದ್ದರೆ ಸಾಕು. ಅದರಿಂದ ಹೊರಹೋಗುವ ನೀರನ್ನು ನೆಲ ಒರೆಸಲು ಹಿಡಿಯಬಹುದು, ತುಳಸಿಗೆ ಮಾತ್ರ ಬೇಡ. ಮಧ್ಯಾಹ್ನದ ಬಿಸಿಲಿನಿಂದ ಕುಂಡವನ್ನು ಪೂರ್ವದ ಗೋಡೆಯ ನೆರಳಿಗೆ ಸರಿಸಿ.